ಏನಿಲ್ಲ ಬಿಡಿ, ಬರೀ ದೀಪ

ಮಾರ್ಚ್ 3, ಭಾನುವಾರ

ಬಾಯಿಬಿಟ್ಟು ಹೇಳಿದರೆ ಜಗಳವಾಗುತ್ತದೆ, ಹೇಳದಿದ್ದರೆ ತಲೆ ಸಿಡಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ಮಾವನವರ ಗಂಟಲಿಗೆ ನಾಳೆಯಿಂದ ವಿಕಿರಣ ಚಿಕಿತ್ಸೆ. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಶನಿವಾರ, ಭಾನುವಾರ ಬಿಟ್ಟು ದಿನಾ ಹೋಗಬೇಕು, ಏಪ್ರಿಲ್ ಅರ್ಧ ಕಳೆಯುವವರೆಗೂ. ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದಾರೆ, ಅದೂ ನನ್ನ ಕಡೆಗೇ ಬೆರಳೆತ್ತಿ. ಗಂಡನೆನಿಸಿಕೊಂಡ ಇವರು ಹಡಗಿನ ಎಂಜಿನ್ ಕೋಣೆಯಲ್ಲಿದ್ದಾರೆ, ಯಾವುದೋ ಸಮುದ್ರದ ನಡುವೆ. ಕರಾರು ಮುಗಿಯದೆ ಇಳಿಯುವಂತಿಲ್ಲ. ನಾದಿನಿ ದೂರದ ಊರಿನಲ್ಲಿ. ಫೋನಿನಲ್ಲಿ ಗೊಳೋ ಎಂದು ಅತ್ತಳು. ಅಳುವವರಿಗೆ ಒಂದು ಅನುಕೂಲ, ಅತ್ತಮೇಲೆ ಅವರು ಮತ್ತೇನೂ ಮಾಡಬೇಕಾಗಿರುವುದಿಲ್ಲ. ಉಳಿದವಳು ನಾನು.

ನನಗೂ ಒಂದು ಕೆಲಸವಿದೆ ಎಂಬುದು ಈ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನಾನು ಹಲ್ಲು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ತಯಾರಿಸುತ್ತೇನೆ. ಲ್ಯಾಬಿನ ಯಜಮಾನರ ಕಾಲು ಹಿಡಿಯುವುದೊಂದು ಬಾಕಿ, ಅಂತೂ ಬೆಳಗಿನ ಹೊತ್ತು ಮಾತ್ರ ಬರುತ್ತೇನೆ ಎಂದು ಒಪ್ಪಿಸಿ ಬಂದೆ.

ಕಾರು ಮಾವನವರದು. ಅದು ಅವರ ಎರಡನೇ ಮಗ ಎಂದು ಇವರು ತಮಾಷೆ ಮಾಡುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಓಡಿಸಲು ಕಲಿತಿದ್ದೆ. ಗೇಟಿಗೆ ಸ್ವಲ್ಪ ತಾಗಿಸಿದೆ. ಸ್ವಲ್ಪವೆಂದರೆ ಸ್ವಲ್ಪವೇ. ಮಾವನವರು ಡ್ರಿಲ್ ಮೇಷ್ಟರಾಗಿದ್ದವರು, ಫುಟ್‌ಬಾಲ್ ಪಂದ್ಯಗಳಿಗೆ ರೆಫರಿ ಬೇರೆ. ಬೀದಿಗೆಲ್ಲ ಕೇಳುವ ಹಾಗೆ ಸೀಟಿ ಊದಿದರು. ಅವತ್ತಿನಿಂದ ನಾನು ಕೀಲಿ ಮುಟ್ಟಿರಲಿಲ್ಲ. ಈಗ ಆ ಮನುಷ್ಯನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಆಚೆ ತುದಿಗೆ ಹೋಗಬೇಕು. ಇದು ಮುಗಿದ ಮರುದಿನವೇ ಅವರನ್ನು ನಾದಿನಿಯ ಮನೆಗೆ ಕಳಿಸಬೇಕೆಂದು ಇವರಿಗೆ ಖಡಾಖಂಡಿತವಾಗಿ ಹೇಳಿದ್ದೇನೆ. ಅಳುವಷ್ಟು ಪ್ರೀತಿ ಇದ್ದವಳು ನೋಡಿಕೊಳ್ಳಲಿ.

ಮಾರ್ಚ್ 5, ಮಂಗಳವಾರ

ದಾರಿಯುದ್ದಕ್ಕೂ ಕವಾಯತು. ಎಡಕ್ಕೆ, ನಿಧಾನ, ಕ್ಲಚ್ಚು, ಕ್ಲಚ್ಚು. ಗಂಟಲು ಕಟ್ಟಿದ್ದರೂ ಮೈದಾನದ ಆ ತುದಿಗೆ ಕೇಳುವ ದನಿ. ಕಾರಿನೊಳಗೆ ಅದಕ್ಕೆ ಜಾಗ ಸಾಲದು. ವರ್ಷವಿಡೀ ದನಿ ಒಡೆದಿತ್ತು. ಡ್ರಿಲ್ ಮೇಷ್ಟರ ಗಂಟಲು ಹಾಗೇ ಇರುತ್ತೆ ಎಂದು ತಾವೇ ತೀರ್ಪು ಕೊಟ್ಟುಕೊಂಡು, ಪೆಪ್ಪರ್‌ಮಿಂಟ್ ಚೀಪಿಕೊಂಡು ಓಡಾಡಿದರು. ಈಗ ಅನುಭವಿಸುತ್ತಿರುವವಳು ನಾನು.

ನಿನ್ನೆ ಒಂದು ಕೆಂಪು ದೀಪ ಉರಿಯುತ್ತಲೇ ಇತ್ತು. ವೃತ್ತದೊಳಗೆ ಒಂದು ಆಶ್ಚರ್ಯಚಿಹ್ನೆ. ಏನೆಂದು ಕೇಳಿದೆ. ‘ರಸ್ತೆ ನೋಡು’ ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಕೈಬ್ರೇಕನ್ನು ನಾನು ಪೂರ್ತಿ ಇಳಿಸಿರಲಿಲ್ಲವಂತೆ. ಅದಕ್ಕೆ ಮಾವನವರು ನಕ್ಕಿದ್ದೇನು, ಚಿಕಿತ್ಸೆಯ ಕೋಣೆಯ ಹೊರಗೆ ಕಾಯುತ್ತಿದ್ದ ಅಪರಿಚಿತರಿಗೆಲ್ಲ ಹೇಳಿದ್ದೇನು. ದೀಪ ನಾನು ನೋಡಿದ್ದೆ, ಕೇಳಿಯೂ ಇದ್ದೆ. ಅದನ್ನು ಯಾರಿಗೂ ಹೇಳಲಿಲ್ಲ.

ಅಲ್ಲಿ ಅವರ ಮುಖಕ್ಕೆ, ಕುತ್ತಿಗೆಗೆ ಜಾಲರಿಯಂಥ ಪ್ಲಾಸ್ಟಿಕ್ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಾರೆ, ಅಲುಗಾಡಬಾರದೆಂದು. ಗದ್ದದ ಕೆಳಗೆ ಒಂದು ಕೂದಲಿನಷ್ಟೂ ಸಂದಿಲ್ಲದೆ ಕೂತಿದೆ. ಮಾಡಿದವರ ಕೈ ಒಳ್ಳೆಯದು. ಮಾವನವರಿಗೆ ಹಾಗೆಂದೆ. ‘ನೀನು ಹಾಕ್ಕೊಂಡು ನೋಡು’ ಎಂದರು.

ಮಾರ್ಚ್ 8, ಶುಕ್ರವಾರ

ಹೊಸ ದೀಪ. ಈ ಸಲ ಹಳದಿ. ಚಿತ್ರ ನೋಡಿದರೆ ಕೊಳಾಯಿಯೋ, ಬಾಲವಿಲ್ಲದ ಮೀನೋ ಗೊತ್ತಾಗುವುದಿಲ್ಲ. ಎಂಜಿನ್ ಅಂತೆ.

ಮಾವನವರ ಜ್ಞಾನ ಹೀಗಿದೆ: ‘ಹಳದಿ ಕಾರ್ಡ್ ತೋರಿಸಿದ್ರೆ ಆಟಗಾರ ಮನೆಗೆ ಹೋಗ್ತಾನಾ? ಆಡ್ತಾನೆ. ಓಡಿಸು.’ ಎರಡನೇ ಹಳದಿಗೆ ಅದೇ ಆಟಗಾರನನ್ನು ಹೊರಗೆ ಹಾಕುತ್ತಾರಲ್ಲ ಎಂಬ ಉತ್ತರ ನನಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಯಾವಾಗಲೂ ಹೀಗೇ.

ಇವರ ಫೋನು ಬಂತು. ಕೇಳಿದೆ. ಏನೂ ಆಗಲ್ಲ, ಸೆನ್ಸರ್ ಇರುತ್ತೆ, ಹಳೇ ಗಾಡಿ, ತಲೆ ಕೆಡಿಸ್ಕೋಬೇಡ ಎಂದರು. ನಿಮ್ಮ ಹಡಗಿನಲ್ಲಿ ದೀಪ ಹತ್ತಿದರೂ ಹೀಗೇ ಮಲಗಿಬಿಡುತ್ತೀರಾ ಎಂದೆ. ಅದು ಬೇರೆ ಎಂದರು. ಹೇಗೆ ಬೇರೆ ಎಂದೆ. ಲೈನು ಸರಿಯಿಲ್ಲ, ನಾಳೆ ಮಾಡುತ್ತೇನೆ ಎಂದರು. ಲೈನು ಸರಿಯಾಗಿಯೇ ಇತ್ತು.

ಮಾರ್ಚ್ 11, ಸೋಮವಾರ

ಶನಿವಾರ ಬೀದಿ ಕೊನೆಯ ಗ್ಯಾರೇಜಿಗೆ ತೆಗೆದುಕೊಂಡು ಹೋಗಿದ್ದೆ. ಆ ಮೆಕ್ಯಾನಿಕ್ ಏನು ಕೇಳಿದರೂ ಮೊದಲು ‘ಏನಿಲ್ಲ ಬಿಡಿ’ ಎನ್ನುತ್ತಾನೆ. ನಾನು ಅವನಿಗೆ ಅದೇ ಹೆಸರಿಟ್ಟಿದ್ದೇನೆ. ಮುಂದಿನ ಹಲ್ಲೊಂದಕ್ಕೆ ಟೋಪಿ ಹಾಕಿಸಿಕೊಂಡಿದ್ದಾನೆ, ಪಕ್ಕದ ಹಲ್ಲಿನ ಬಣ್ಣಕ್ಕೂ ಅದಕ್ಕೂ ತಾಳೆಯೇ ಇಲ್ಲ. ಅದನ್ನೂ ಯಾರೋ ‘ಏನಿಲ್ಲ ಬಿಡಿ’ ಎಂದೇ ಕೂರಿಸಿರಬೇಕು.

ಬಾನೆಟ್ ಎತ್ತಿದ, ಏನೋ ಮಾಡಿದ, ಆಯ್ತು ಎಂದ. ದೀಪ ಆರಿತ್ತು. ಮನೆಗೆ ಬಂದು ನೋಡಿದರೆ ಕಾರಿನ ಗಡಿಯಾರ ಸೊನ್ನೆಗೆ ಹೋಗಿದೆ, ಮಾವನವರು ಇಟ್ಟುಕೊಂಡಿದ್ದ ರೇಡಿಯೋ ಸ್ಟೇಷನ್ನುಗಳೆಲ್ಲ ಅಳಿಸಿಹೋಗಿವೆ. ಅಂದರೆ ಬ್ಯಾಟರಿಯ ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದ್ದಾನೆ, ಅಷ್ಟೇ. ಕಾರಿಗೆ ಮರೆವು ಬರಿಸಿ ರಿಪೇರಿ ಎಂದಿದ್ದಾನೆ. ಇವತ್ತು ಆಸ್ಪತ್ರೆಗೆ ಹೋಗುವಾಗ ಹಳದಿ ಮತ್ತೆ ಹಾಜರ್.

ಮುಂದಿನ ಖಾನೆಯಲ್ಲಿ ಕಾರಿನ ಪುಸ್ತಕ ಸಿಕ್ಕಿತು. ಕೊಂಡ ದಿನದ ಪ್ಲಾಸ್ಟಿಕ್ ಕವರನ್ನು ಕೂಡ ಯಾರೂ ಒಡೆದಿಲ್ಲ. ಎಷ್ಟೊಂದು ಜನ ಈ ಕಾರನ್ನು ಓಡಿಸಿದ್ದಾರೆ, ಎಷ್ಟೊಂದು ಜನ ನನಗೆ ಬುದ್ಧಿ ಹೇಳಿದ್ದಾರೆ. ಮಾವನವರು ಒಳಗೆ ಮೇಜಿನ ಮೇಲೆ ಮಲಗಿದ್ದಾಗ ನಾನು ಹೊರಗೆ ಕೂತು ಓದಿದೆ. ಕೆಂಪು ಎಂದರೆ ನಿಲ್ಲಿಸು. ಹಳದಿ ಎಂದರೆ ಬೇಗ ತೋರಿಸು. ಹಸಿರು, ನೀಲಿ ಎಂದರೆ ಏನೋ ಚಾಲೂ ಇದೆ, ಅಷ್ಟೇ. ಕೀಲಿ ತಿರುಗಿಸಿದಾಗ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು, ಎಂಜಿನ್ ಶುರುವಾದಮೇಲೆ ಆರಬೇಕು. ಹತ್ತದೇ ಇದ್ದರೆ ಬಲ್ಬೇ ಸತ್ತಿದೆ ಎಂದರ್ಥ. ಇಷ್ಟನ್ನು ಬಾಯಿಬಿಟ್ಟು ಹೇಳಲು ಯಾವ ಗಂಡಸಿಗೂ ಆಗಲಿಲ್ಲ.

ಮಾರ್ಚ್ 13, ಬುಧವಾರ

ಮಧ್ಯಾಹ್ನ ಕಾರಿನಲ್ಲಿ ಕೂತರೆ ಹಳದಿ ದೀಪದ ಮೇಲೆ ಮಾವನವರು ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದಾರೆ. ‘ನೀನು ಅದನ್ನೇ ನೋಡ್ತಾ ಕೂತ್ರೆ ರಸ್ತೆ ಯಾರು ನೋಡ್ತಾರೆ’ ಎಂದರು. ಕಿತ್ತು ಅವರ ಕೈಗೇ ಅಂಟಿಸಿದೆ. ಆಸ್ಪತ್ರೆಯವರೆಗೂ ಹಾಗೇ ಇಟ್ಟುಕೊಂಡಿದ್ದರು, ಹಟಮಾರಿ.

ಮಾರ್ಚ್ 20, ಬುಧವಾರ

ದೀಪ ಆರಿದೆ. ತಾನಾಗಿ. ನಾನು ಆರಿಸಿದ್ದು ಎಂದು ಬರೆದರೂ ತಪ್ಪಿಲ್ಲ.

ಹಳದಿ ಎಂಜಿನ್ ದೀಪ ಹತ್ತಿದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ ಎಂದು ಪುಸ್ತಕದಲ್ಲಿತ್ತು. ನೋಡಿದೆ. ಒಳಗಿನ ರಬ್ಬರ್ ಉಂಗುರ ಒಣಗಿ ಬಿರಿದಿದೆ. ಗಾಳಿ ಆಡುವಂಥ ಸಂದು. ನನ್ನ ಲ್ಯಾಬಿನಲ್ಲಿ ಅಂಥ ಸಂದು ಬಿಟ್ಟರೆ ಸೆಟ್ಟು ಮುಖಕ್ಕೆ ವಾಪಸ್ ಬರುತ್ತದೆ. ಹೊಸ ಮುಚ್ಚಳ ತಂದು ಹಾಕಿದೆ. ನಾಲ್ಕಾರು ದಿನ ಓಡಿಸಿದಮೇಲೆ ಇವತ್ತು ದೀಪ ಮಾಯ. ಏನಿಲ್ಲ ಬಿಡಿಗೆ ಹೇಳಿದರೆ, ಮುಚ್ಚಳದಿಂದ ಹಾಗೆಲ್ಲ ಆಗಲ್ಲ ಮೇಡಂ, ಕಾಕತಾಳೀಯ ಎಂದ.

ಮಾವನವರು ಬಗ್ಗಿ ಬಗ್ಗಿ ನೋಡಿದರು. ಶಭಾಷ್ ಎನ್ನಬಹುದಿತ್ತು. ‘ಗಡಿಯಾರ ಸರಿಮಾಡು’ ಎಂದರು. ದನಿ ತಳ ಹಿಡಿದ ಪಾತ್ರೆ ಕೆರೆದಂತಿತ್ತು.

ಮಾರ್ಚ್ 25, ಸೋಮವಾರ

ಇಷ್ಟು ಸಿಟ್ಟು ನನಗೆ ಬಂದಿದ್ದೇ ಇಲ್ಲ. ಹಿತ್ತಲಿನ ಕುಂಡದಲ್ಲಿ ಇರುವೆ ಮುತ್ತಿದೆ ಎಂದು ಬಗ್ಗಿ ನೋಡಿದರೆ ಸೂಪು. ನಾನು ಬೇಯಿಸಿ, ಅರೆದು, ಸೋಸಿ, ಆರಿಸಿ ಕೊಟ್ಟ ಸೂಪು. ಮಾವನವರು ಎಷ್ಟು ದಿನದಿಂದ ಗಿಡಕ್ಕೆ ಸುರಿಯುತ್ತಿದ್ದಾರೋ. ನುಂಗಿದರೆ ಗಾಜು ನುಂಗಿದ ಹಾಗಾಗುತ್ತದಂತೆ. ಅದನ್ನು ಹೇಳಲು ಬಾಯಿಲ್ಲವೇ? ಬೆಲ್ಟಿನಲ್ಲಿ ಹೊಸ ತೂತು ಮಾಡಿಕೊಂಡಿದ್ದಾರೆ, ನನಗೆ ಕಾಣದಿರಲೆಂದು ಅಂಗಿ ಹೊರಗೆ ಬಿಟ್ಟಿದ್ದಾರೆ.

ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದೆ. ಅವರು ಮರಗಟ್ಟಿಸುವ ಔಷಧಿ ಬರೆದುಕೊಟ್ಟರು, ಊಟಕ್ಕೆ ಮುಂಚೆ ಬಾಯಿ ಮುಕ್ಕಳಿಸಬೇಕು. ಇನ್ನು ಮುಂದೆ ನಾನು ಎದುರಿಗೇ ಕೂರುತ್ತೇನೆ. ಬಟ್ಟಲು ಖಾಲಿಯಾಗುವವರೆಗೂ ಏಳುವುದಿಲ್ಲ. ಜೇನುತುಪ್ಪ ಉರಿಯುತ್ತದೆ, ಹಾಲು ತಣ್ಣಗಿದ್ದರೆ ಇಳಿಯುತ್ತದೆ, ಬಾಳೆಹಣ್ಣು ಅಂಟುತ್ತದೆ, ಕಲ್ಲಂಗಡಿ ರಸ ಆಗುತ್ತದೆ. ಇವನ್ನೆಲ್ಲ ನಾನೇ ಕಂಡುಹಿಡಿಯಬೇಕು, ಅವರು ಹೇಳುವುದಿಲ್ಲ.

ಮಾರ್ಚ್ 28, ಗುರುವಾರ

ಮಾತು ಪೂರ್ತಿ ನಿಂತಿದೆ. ದನಿಗೆ ವಿಶ್ರಾಂತಿ ಕೊಡಬೇಕು ಎಂದಿದ್ದಾರೆ. ಕಾರಿನಲ್ಲಿ ಸದ್ದಿಲ್ಲ. ಏನಾದರೂ ಹೇಳಬೇಕಿದ್ದರೆ ದೀಪಗಳಿರುವ ಮುಂದಿನ ಹಲಗೆಯ ಮೇಲೆ ಬೆರಳಿನಿಂದ ಕುಟ್ಟುತ್ತಾರೆ. ಒಂದು ಸಲ ಕುಟ್ಟಿದರೆ ನಿಧಾನ, ಎರಡು ಸಲ ಕುಟ್ಟಿದರೆ ಕ್ಲಚ್ಚು.

ಇವತ್ತು ಬೇಕೆಂದೇ ಗೇರು ಕಿರ್ರೆನ್ನಿಸಿದೆ. ಕುಟ್ಟಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದರು. ಇಂಥವರ ಜೊತೆ ದಿನಾ ಓಡಾಡುವುದು ಎಂಥ ಹಿಂಸೆ. ರೇಡಿಯೋ ಸ್ಟೇಷನ್ನುಗಳನ್ನು ಒಂದೊಂದಾಗಿ ಹುಡುಕಿ ಮತ್ತೆ ಕೂರಿಸಿದೆ. ಆ ಮೆಕ್ಯಾನಿಕ್ ಅಳಿಸಿದ್ದಕ್ಕೆ ನಾನು ದಂಡ ತೆರಬೇಕು.

ಏಪ್ರಿಲ್ 1, ಸೋಮವಾರ

ವೃತ್ತದೊಳಗಿನ ಆಶ್ಚರ್ಯಚಿಹ್ನೆ, ಕೆಂಪು, ತಿರುವಿನಲ್ಲಿ ಮಿಣುಕಿ ಆರಿತು. ಕೈಬ್ರೇಕ್ ಇಳಿದೇ ಇತ್ತು. ಮೂರು ಸಲ ಮುಟ್ಟಿ ನೋಡಿದೆ. ಪುಸ್ತಕದ ಪ್ರಕಾರ ಆ ಒಂದೇ ದೀಪಕ್ಕೆ ಎರಡು ಅರ್ಥ. ಕೈಬ್ರೇಕ್ ಹಾಕಿದೆ, ಇಲ್ಲವೇ ಬ್ರೇಕಿನ ಎಣ್ಣೆ ಕಮ್ಮಿಯಾಗಿದೆ. ಒಂದು ಏನೂ ಅಲ್ಲದ ವಿಷಯ, ಇನ್ನೊಂದು ಪ್ರಾಣದ ವಿಷಯ. ಎರಡಕ್ಕೂ ಒಂದೇ ದೀಪ ಇಡಲು ಕಾರು ಮಾಡಿದ ಮಹಾನುಭಾವರಿಗೆ ಹೇಗೆ ಮನಸ್ಸು ಬಂತೋ.

ಬಾನೆಟ್ ಎತ್ತಿ ನೋಡಿದೆ. ಎಣ್ಣೆ ಕೆಳಗಿನ ಗೆರೆಗಿಂತ ಕೆಳಗಿತ್ತು. ಏನಿಲ್ಲ ಬಿಡಿ ಮೇಲಿನ ಗೆರೆಯವರೆಗೆ ಸುರಿದು ಮುಚ್ಚಿದ. ಇದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದೆ. ಗಾಡಿ ಓಡ್ತಾ ಓಡ್ತಾ ಸ್ವಲ್ಪ ಕಮ್ಮಿಯಾಗುತ್ತೆ ಎಂದ. ಚಕ್ರ ಬಿಚ್ಚಿ ನೋಡು ಎಂದೆ. ಸುಮ್ಮನೆ ಯಾಕೆ ಎಂದ. ಫೋನಿನಲ್ಲಿ ಇವರೂ ಅದೇ ಎಂದರು, ನಾದಿನಿಯೂ ಅದೇ ಎಂದಳು. ಅವಳಿಗೆ ಸೈಕಲ್ಲೂ ಬರುವುದಿಲ್ಲ. ಮಾವನವರು ಗಡಿಯಾರ ತೋರಿಸಿದರು, ಹೊತ್ತಾಯಿತು ಎಂದು. ಸರಿ, ನಾನೊಬ್ಬಳೇ ದಡ್ಡಿ.

ಏಪ್ರಿಲ್ 3, ಬುಧವಾರ

ಇವತ್ತು ಬರುವುದಿಲ್ಲ ಎಂದು ಕೂತುಬಿಟ್ಟರು. ಹಾಸಿಗೆಯ ಅಂಚಿನಲ್ಲಿ, ಬನಿಯನ್ನಿನಲ್ಲಿ. ಕುತ್ತಿಗೆಯ ಚರ್ಮ ಸುಟ್ಟು ಕರ್ರಗಾಗಿದೆ, ಅಂಗಿಯ ಕಾಲರ್ ತಾಗಿದರೆ ಮುಖ ಹಿಂಡುತ್ತಾರೆ. ನಾನು ಬಾಗಿಲಲ್ಲಿ ಕೀಲಿ ಹಿಡಿದು ನಿಂತಿದ್ದೆ.

ಗಾಳಿಯಷ್ಟೇ ಇದ್ದ ದನಿಯಲ್ಲಿ ಹೇಳಿದರು. ‘ಸಾಕಮ್ಮ. ಆ ಮುಖವಾಡ ಹಾಕಿ ಬಿಗೀತಾರಲ್ಲ, ಇನ್ನು ನನ್ ಕೈಲಿ ಆಗಲ್ಲ.’

ಮೈದಾನದಲ್ಲಿ ಮಕ್ಕಳನ್ನು ಬಿಸಿಲಲ್ಲಿ ಓಡಿಸಿ ಓಡಿಸಿ ಸುಸ್ತು ಮಾಡಿದ ಮನುಷ್ಯ, ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಕೂಗುತ್ತಿದ್ದ ಮನುಷ್ಯ. ನನಗೆ ಎಲ್ಲಿತ್ತೋ ಕೋಪ. ‘ನೀವು ಬರದಿದ್ರೆ ಬಿಡಿ. ನಾನು ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದೀನಿ, ಅದು ದಂಡವಾಗಬಾರದು. ನಿಮ್ಮ ಬದಲಿಗೆ ನಾನೇ ಆ ಮೇಜಿನ ಮೇಲೆ ಮಲಗಿ ಬರ್ತೀನಿ’ ಎಂದೆ. ಎಂದವಳೇ ಹೋಗಿ ಕಾರು ಚಾಲೂ ಮಾಡಿ ಹೊರಟೇಬಿಟ್ಟೆ.

ಎಲ್ಲಿಗೆಂದು ಹೋಗಲಿ? ಬೀದಿ ದಾಟಿ, ಶಾಲೆಯ ಗೋಡೆ ಬಳಸಿ, ಔಷಧಿ ಅಂಗಡಿಯ ಮುಂದೆ ತಿರುಗಿಸಿದೆ. ಧೂಳೋ ಏನೋ, ಕಣ್ಣಲ್ಲಿ ನೀರು ಬಂದು ರಸ್ತೆ ಸರಿಯಾಗಿ ಕಾಣಲಿಲ್ಲ. ಮತ್ತೆ ನಮ್ಮ ಬೀದಿಗೆ ಬಂದರೆ ಗೇಟಿನ ಮುಂದೆ ನಿಂತಿದ್ದಾರೆ. ಬೂಟು ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು. ನಾನು ಬಾಗಿಲು ತೆರೆಯಲಿಲ್ಲ. ಅವರೇ ತೆರೆದು ಕೂತರು. ಸಿಗ್ನಲ್ಲಿನಲ್ಲಿ ನಿಂತಾಗ ಗುಂಡಿ ಸರಿಯಾಗಿ ಹಾಕಿಕೊಳ್ಳಿ ಎಂದೆ. ಹಾಕಿಕೊಂಡರು.

ಏಪ್ರಿಲ್ 9, ಮಂಗಳವಾರ

ಅಕ್ಷರ ವಕ್ರವಾದರೆ ಆಗಲಿ, ಇದನ್ನು ಇವತ್ತೇ ಬರೆಯಬೇಕು.

ಆಸ್ಪತ್ರೆಗೆ ಇಳಿಯುವ ರಸ್ತೆಯ ನೆತ್ತಿಯಲ್ಲಿ, ಇನ್ನೇನು ಇಳಿಜಾರು ಶುರುವಾಗಬೇಕು, ಕೆಂಪು ದೀಪ ಹತ್ತಿತು. ಈ ಸಲ ಮಿಣುಕಲಿಲ್ಲ, ಹತ್ತಿಕೊಂಡೇ ಇತ್ತು. ಕೆಳಗೆ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು, ಅಷ್ಟು ಹತ್ತಿರ. ನಾನು ಕಾರನ್ನು ನಿಧಾನ ಮಾಡಿ, ಗೇರು ಇಳಿಸಿ, ಸಮತಟ್ಟಾದ ಜಾಗದಲ್ಲೇ ನಿಲ್ಲಿಸಿ ಕೈಬ್ರೇಕ್ ಎಳೆದೆ. ರಸ್ತೆ ಅಗಲವಿಲ್ಲ. ಹಿಂದೆ ಸಾಲು ನಿಂತಿತು, ಹಾರ್ನು ಶುರುವಾಯಿತು.

ಮಾವನವರು ಹಲಗೆ ಕುಟ್ಟಿದರು. ಕೆಳಗೆ ಕೈ ತೋರಿಸಿದರು. ಹೋಗು, ಹೋಗು, ಅಲ್ಲೇ ಇದೆ. ನಮ್ಮ ಸರದಿ ತಪ್ಪಿದರೆ ಇವತ್ತಿನ ಚಿಕಿತ್ಸೆ ಹೋದಂತೆ. ಅದನ್ನು ತಪ್ಪಿಸಬಾರದೆಂದು ಹೋದ ವಾರ ಅವರ ಮೇಲೆ ಕೂಗಾಡಿದವಳೇ ನಾನು. ಅವರ ಮುಖ ಕೆಂಪಾಗಿತ್ತು.

‘ಕೆಂಪು, ಮಾವ. ಇದು ಹಳದಿ ಅಲ್ಲ’ ಎಂದೆ. ಅವರಿಗೆ ಕಾಣುವ ಹಾಗೆ ಕಾಲಿಟ್ಟು ಬ್ರೇಕ್ ಒತ್ತಿದೆ. ಪೆಡಲು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ನೆಲಕ್ಕೆ ತಾಗಿತು. ಮೇಲೆ ಬರಲು ಅದಕ್ಕೆ ಮನಸ್ಸೇ ಇರಲಿಲ್ಲ. ಅವರು ನನ್ನ ಕಾಲನ್ನು ನೋಡಿದರು. ಆಮೇಲೆ ಗಾಜಿನಾಚೆ ಇಳಿಜಾರನ್ನು ನೋಡಿದರು. ಕೆಳಗೆ ಆಸ್ಪತ್ರೆಯ ಬಾಗಿಲಲ್ಲಿ ಯಾವಾಗಲೂ ಜನ, ಕೋಲು ಹಿಡಿದವರು, ಗಾಲಿಕುರ್ಚಿ ತಳ್ಳುವವರು.

ಅಷ್ಟರಲ್ಲಿ ಹಿಂದಿನ ಕಾರಿನವನೊಬ್ಬ ಇಳಿದು ಬಂದು ನನ್ನ ಕಿಟಕಿ ಬಡಿದ. ಓಡಿಸೋಕೆ ಬರದಿದ್ರೆ ಮನೇಲಿರಬೇಕು ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯ ಬಾಗಿಲು ತೆರೆದುಕೊಂಡಿತು. ಮಾವನವರು ಇಳಿದು ನಡುರಸ್ತೆಗೆ ಹೋದರು. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾರೆ, ಪ್ಯಾಂಟು ಕಾಲಿನ ಸುತ್ತ ಜೋತಾಡುತ್ತದೆ. ಎದೆ ಸೆಟೆದು ನಿಂತು ಆ ಮನುಷ್ಯನ ಮುಂದೆ ಅಂಗೈ ಎತ್ತಿ ಹಿಡಿದರು. ಅವನು ಅಲ್ಲೇ ನಿಂತ. ಆಮೇಲೆ ತೋಳು ಚಾಚಿ ಅವನ ಕಾರನ್ನು ತೋರಿಸಿದರು. ಅವನು ಹೋಗಿ ಕೂತ. ನನಗೆ ನಂಬಲಾಗಲಿಲ್ಲ.

ಎದುರಿನಿಂದ ಬರುವವರನ್ನು ನಿಲ್ಲಿಸಿ, ಹಿಂದಿನವರನ್ನು ಬಿಟ್ಟು, ಮತ್ತೆ ಇವರನ್ನು ತಡೆದು, ಅವರನ್ನು ಕರೆದು, ಸಾಲನ್ನೆಲ್ಲ ಕರಗಿಸಿದರು. ತೋಳುಗಳು ಬಡಕಲು, ಆದರೆ ಒಂದು ಚೂರು ನಡುಗುತ್ತಿರಲಿಲ್ಲ. ನಾನು ಚಕ್ರಗಳಿಗೆ ಕಲ್ಲು ಕೊಡುತ್ತ ನೋಡುತ್ತಿದ್ದೆ. ಕೊನೆಗೆ ಒಂದು ಬ್ರೆಡ್ಡಿನ ವ್ಯಾನನ್ನು ಮಾತ್ರ ಹೋಗಲು ಬಿಡದೆ ಹಿಡಿದುಕೊಂಡರು. ಅವರು ಕುತ್ತಿಗೆ ತೋರಿಸಿ ಕೆಳಗಿನ ಆಸ್ಪತ್ರೆ ತೋರಿಸಿದ್ದೇ ತಡ, ಚಾಲಕ ಹತ್ತಿಸಿಕೊಂಡ. ಬ್ರೆಡ್ಡಿನ ತಟ್ಟೆಗಳ ನಡುವೆ ಕೂತು ಇಳಿದೆವು.

ಮುಖವಾಡ ಬಿಗಿಯುವ ಹುಡುಗಿ ತಡವಾಯಿತೆಂದು ಗೊಣಗಿದಳು. ಮಷೀನು ಆರಿಸಿಲ್ಲವಲ್ಲ, ಗೊಣಗುವುದನ್ನು ಆಮೇಲೆ ಮಾಡಿ ಎಂದೆ. ಮಾವನವರು ತಾವಾಗಿಯೇ ಹೋಗಿ ಮೇಜಿನ ಮೇಲೆ ಮಲಗಿದರು.

ಏಪ್ರಿಲ್ 10, ಬುಧವಾರ

ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ತಂದೆ. ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ವಾಪಸಾದಮೇಲೆ ಮಾವನವರೂ ಬಂದರು, ಬರಬೇಡಿ ಎಂದರೂ ಕೇಳಲಿಲ್ಲ. ಹಳೇ ಟೈರಿನ ಮೇಲೆ ಕೂತರು.

ಏನಿಲ್ಲ ಬಿಡಿ ಮತ್ತೆ ಎಣ್ಣೆಯ ಡಬ್ಬ ಹುಡುಕತೊಡಗಿದ. ಡಬ್ಬ ಕೆಳಗಿಡು, ನಾಲ್ಕೂ ಚಕ್ರ ಬಿಚ್ಚು, ಬಿಚ್ಚುವವರೆಗೆ ನಾನು ಇಲ್ಲಿಂದ ಅಲುಗುವುದಿಲ್ಲ ಎಂದೆ. ಹಿಂದಿನ ಎಡಗಡೆ ಚಕ್ರದ ಒಳಗೆಲ್ಲ ಒದ್ದೆ. ಬ್ರೇಕಿನ ಎಣ್ಣೆ ಅಲ್ಲಿಂದ ಸೋರಿ ಸೋರಿ ಹೋಗಿದೆ. ಅವನ ಮುಖ ಸಣ್ಣದಾಯಿತು.

‘ಇದು ಒಳಗಡೆ ಇರೋದು ಮೇಡಂ, ಯಾರಿಗೂ ಗೊತ್ತಾಗಲ್ಲ’ ಎಂದ.

‘ಕಾರಿಗೆ ಗೊತ್ತಾಗಿತ್ತು. ವಾರದಿಂದ ಹೇಳ್ತಾನೇ ಇತ್ತು’ ಎಂದೆ.

ಮಾವನವರು ಟೈರಿನ ಮೇಲಿಂದ ಎದ್ದು, ಅವನ ಮುಂದೆ ಹೋಗಿ, ಜೇಬಿನಿಂದ ಏನೋ ತೆಗೆದವರಂತೆ ಬರಿಗೈಯನ್ನು ತಲೆಯ ಮೇಲಕ್ಕೆತ್ತಿ ಹಿಡಿದರು. ಅವನಿಗೆ ತಲೆಬುಡ ತಿಳಿಯಲಿಲ್ಲ. ನನಗೆ ತಿಳಿಯಿತು, ಕೆಂಪು ಕಾರ್ಡ್. ನಗು ಬಂತು, ಕೋಪದಲ್ಲಿರುವಾಗ ನಗಬಾರದೆಂದು ತಿರುಗಿ ನಿಂತೆ.

ಇವರಿಗೆ ಫೋನಿನಲ್ಲಿ ಹೇಳಿದೆ. ಯಾವ ಚಕ್ರ, ಎಷ್ಟು ಸೋರಿತ್ತು ಎಂದು ಮತ್ತೆ ಮತ್ತೆ ಕೇಳಿದರು. ಈ ಸಲ ಲೈನು ಸರಿಯಿಲ್ಲ ಎನ್ನಲಿಲ್ಲ.

ಏಪ್ರಿಲ್ 19, ಶುಕ್ರವಾರ

ಮುಗಿಯಿತು. ಕೊನೆಯ ದಿನ ಬೇಕಿದ್ದರೆ ಮುಖವಾಡ ಮನೆಗೆ ಒಯ್ಯಬಹುದು ಎಂದರು. ಮಾವನವರು ಬೇಡವೆಂದು ತಲೆಯಾಡಿಸಿದರು. ಅಲ್ಲಿ ಕಾಯುತ್ತಿದ್ದ ಉಳಿದವರ ಕೈಯನ್ನೆಲ್ಲ ಒಬ್ಬೊಬ್ಬರದಾಗಿ ಕುಲುಕಿ ಬಂದರು.

ಸಂಜೆ ನಾದಿನಿಯ ಫೋನು. ಇನ್ನು ಅಪ್ಪನನ್ನು ನಾನು ಕರೆದುಕೊಂಡು ಹೋಗುತ್ತೇನೆ, ನಿಮಗೂ ಸಾಕಾಗಿದೆ ಎಂದಳು. ಸಾಕಾಗಿದೆ ಎಂದು ನಾನು ಇವಳಿಗೆ ಯಾವತ್ತು ಹೇಳಿದೆ? ಈಗಲೂ ದಿನಕ್ಕೆ ಎಷ್ಟು ಸಲ ಬಾಯಿ ಮುಕ್ಕಳಿಸಬೇಕೆಂದು ಗೊತ್ತಾ ಇವಳಿಗೆ? ಬಾಳೆಹಣ್ಣು ಅಂಟುತ್ತದೆ ಎಂದು ಗೊತ್ತಾ? ಮನುಷ್ಯನನ್ನು ಪೆಟ್ಟಿಗೆಯ ಹಾಗೆ ಅಲ್ಲಿಂದಿಲ್ಲಿಗೆ ಸಾಗಿಸುವ ಮಾತಾಡುತ್ತಾಳೆ. ಡಾಕ್ಟರಮ್ಮ ಮತ್ತೆ ನೋಡಬೇಕಂತೆ, ಅಲ್ಲಿಯವರೆಗೆ ಮಾತೇ ಬೇಡ ಎಂದು ಇಟ್ಟುಬಿಟ್ಟೆ.

ಜೂನ್ 7, ಶುಕ್ರವಾರ

ಇವರು ಹಡಗಿನಿಂದ ಇಳಿದು ಬಂದು ಕೆಲವು ದಿನವಾಯಿತು. ನಾದಿನಿಯೂ ಬಂದಿದ್ದಾಳೆ, ಎರಡು ಖಾಲಿ ಚೀಲ ತಂದಿದ್ದಾಳೆ, ಅಪ್ಪನ ಬಟ್ಟೆಬರೆಗೆ. ಇವತ್ತು ಡಾಕ್ಟರಮ್ಮ ನೋಡುವ ದಿನ. ಎಲ್ಲರೂ ಹೊರಟೆವು.

ನನಗೆ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುವ ಆಸೆಯಿತ್ತು. ಗಂಡ ಬಂದಿದ್ದಾನೆ, ಓಡಿಸಲಿ. ಇವರು ಕೂರುತ್ತಲೇ ಕೀಲಿ ತಿರುಗಿಸಿದರು. ಮಾವನವರು ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿದ್ದವರು ಕೈ ಚಾಚಿ ಎಂಜಿನ್ ಆರಿಸಿದರು. ಇವರು ಮತ್ತೆ ಚಾಲೂ ಮಾಡಿದರು, ಅವರು ಮತ್ತೆ ಆರಿಸಿದರು.

‘ಏನಪ್ಪಾ?’ ಎಂದರು ಇವರು.

‘ದೀಪ ಎಲ್ಲಾ ಹತ್ತಿ ಆರೋದನ್ನ ನೋಡ್ದೇ ಹೊರಡ್ತೀಯ. ಹಿಂದೆ ಕೂತ್ಕೊ. ಅವಳು ಓಡಿಸ್ತಾಳೆ.’ ಮರಳಿನ ಮೇಲೆ ತಗಡು ಎಳೆದಂಥ ದನಿ. ಆದರೆ ಹಿಂದೆ ಕೂತವರಿಗೂ ಕೇಳಿತು.

ನೋಡಿ ಅನ್ಯಾಯ. ಒಂದು ದಿನ, ಒಂದೇ ಒಂದು ದಿನ ಕಾಲು ಚಾಚಿ ಕೂರೋಣವೆಂದರೆ ಈ ಮನುಷ್ಯ ಬಿಡುವುದಿಲ್ಲ. ಇವರು ಪೆಚ್ಚಾಗಿ ಇಳಿದು ಹಿಂದೆ ಹೋದರು. ನಾನು ಕೂತು, ಸೀಟು ಮುಂದಕ್ಕೆಳೆದುಕೊಂಡು, ಕೀಲಿ ತಿರುಗಿಸಿ, ದೀಪಗಳು ಹತ್ತಿ ಆರುವುದನ್ನು ನೋಡಿಯೇ ಹೊರಟೆ. ದಾರಿಯಲ್ಲಿ ಸುಮ್ಮನಿದ್ದಾರೆಯೇ? ಎಡಕ್ಕೆ, ನಿಧಾನ, ಕ್ಲಚ್ಚು. ದನಿ ಮರಳಿದ್ದೇ ನನಗೆ ಕಾಟ ಕೊಡಲು.

ಡಾಕ್ಟರಮ್ಮ ಗಂಟಲೊಳಗೆ ನಳಿಗೆ ಬಿಟ್ಟು ನೋಡಿದರು. ಗಡ್ಡೆ ಇದ್ದ ಜಾಗ ನುಣ್ಣಗಿದೆಯಂತೆ. ತಪಾಸಣೆಗೆ ಬರುತ್ತಿದ್ದರೆ ಸಾಕು, ಎಲ್ಲಿ ಬೇಕಾದರೂ ಇರಬಹುದು, ಏನು ಬೇಕಾದರೂ ತಿನ್ನಬಹುದು ಎಂದರು. ಒಳಗೆ ಹೋಗಿದ್ದವರು ನಾನು, ಮಾವನವರು ಇಬ್ಬರೇ. ಅವರು ಬೂಟಿನ ದಾರ ಕಟ್ಟಿಕೊಳ್ಳುತ್ತ ಹಿಂದೆ ಉಳಿದರು, ನಾನು ಮೊದಲು ಹೊರಗೆ ಬಂದೆ.

ಗಡ್ಡೆ ಹೋಗಿದೆ ಎಂದೆ. ಇವರು ಗೋಡೆಗೆ ಒರಗಿ ಮುಖ ಮುಚ್ಚಿಕೊಂಡರು. ನಾದಿನಿ ಅತ್ತಳು, ಈ ಸಲ ಅಳಲಿ ಎಂದು ಬಿಟ್ಟೆ. ಮೂಗು ಒರೆಸಿಕೊಂಡು, ಹಾಗಾದರೆ ನಾಳೆಯೇ ಕರೆದುಕೊಂಡು ಹೊರಡಬಹುದಲ್ಲವೇ ಅತ್ತಿಗೆ ಎಂದು ಕೇಳಿದಳು. ಅಷ್ಟು ಬೇಗ ಹೇಗಾಗುತ್ತದೆ, ಗಂಟಲು ಪೂರ್ತಿ ಸರಿಹೋಗಬೇಕು ಎಂದೆ. ಎಷ್ಟು ದಿನ ಹಿಡಿಯುತ್ತೆ ಎಂದಳು.

ಹಿಂದಿನಿಂದ ಮಾವನವರ ಬೂಟಿನ ಸದ್ದು ಬರುತ್ತಿತ್ತು. ತುಂಬಾ ದಿನ ಹಿಡಿಯುತ್ತೆ ಎಂದು ಹೇಳಿದೆ.